ಕಾಣದ ನಿರ್ಬಂಧ: ಬುಕ್ಕರಾಯನ ಶಾಸನದಿಂದ ಸಾಮಾಜಿಕ ಜಾಲತಾಣಗಳವರೆಗೆ

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯು ಶಿಲಾಶಾಸನಗಳಿಂದ ಸಮೃದ್ಧವಾದುದು. ಮುಳಗುಂದದ ಕ್ರಿ.ಶ. 902-03ರ ಶಾಸನವು ವೈಶ್ಯಕುಲದ ಚೀಕಾರ್ಯನು ಕಟ್ಟಿಸಿದ ಜಿನಾಲಯವನ್ನು ಹೇಳುತ್ತದೆ. ಲಕ್ಕುಂಡಿಯ 1007ರ ಶಾಸನವು ದಾನಚಿಂತಾಮಣಿ ಅತ್ತಿಮಬ್ಬೆಯ ಧರ್ಮಕಾರ್ಯಗಳನ್ನು ಸಾರುತ್ತದೆ. ಪುಲಿಗೆರೆ ಎನಿಸಿದ್ದ ಲಕ್ಷ್ಮೇಶ್ವರದ ಶಂಖಬಸದಿಯ ಶಾಸನಗಳಂತೂ ಇತಿಹಾಸಕಾರರಿಗೆಲ್ಲ ಪರಿಚಿತವಾದವು. ಇಂತಹ ದಾನಶಾಸನಗಳಲ್ಲೆಲ್ಲ ಒಂದು ಸಮಾನ ಲಕ್ಷಣವುಂಟು. ದಾನವಿತ್ತವರಾರು, ಪಡೆದವರಾರು, ಭೂಮಿಯ ಚತುಸ್ಸೀಮೆ ಯಾವುದು, ತಪ್ಪಿ ನಡೆದವರಿಗೆ ಒದಗುವ ಪಾಪವೇನು ಎಂಬುದನ್ನು ಎಲ್ಲರೂ ನೋಡುವ ಸ್ಥಳದಲ್ಲಿ ಕಲ್ಲಿನ ಮೇಲೆ ಕೊರೆಸಿ ನಿಲ್ಲಿಸುತ್ತಿದ್ದರು. ಕೊಟ್ಟ ಹಕ್ಕೂ ಹಾಕಿದ ಕಟ್ಟಳೆಯೂ ಬಹಿರಂಗವಾಗಿರಬೇಕೆಂಬುದು ಆ ಕಾಲದ ವ್ಯವಹಾರನೀತಿಯಾಗಿತ್ತು.

ಇಂದು ಲೋಕದ ವ್ಯವಹಾರದ ದೊಡ್ಡ ಪಾಲು ಸಾಮಾಜಿಕ ಜಾಲತಾಣಗಳಲ್ಲಿ ನಡೆಯುತ್ತಿದೆ. ಅಲ್ಲಿ ಇದಕ್ಕೆ ಪೂರ್ಣ ವಿರುದ್ಧವಾದ ಒಂದು ಪದ್ಧತಿ ಬೆಳೆದಿದೆ. ಒಬ್ಬನ ಖಾತೆಯನ್ನು ಮುಚ್ಚದೆ, ಅವನಿಗೆ ತಿಳಿಸದೆ, ಅವನು ಬರೆದುದು ಇತರರಿಗೆ ಕಾಣದಂತೆ ಅಥವಾ ಕಡಿಮೆ ಕಾಣುವಂತೆ ಮಾಡುವ ಪದ್ಧತಿ ಅದು. ಇದನ್ನು ‘ಶ್ಯಾಡೋ ಬ್ಯಾನ್’ ಎನ್ನುವರು. ನಿರ್ಬಂಧಿತನು ಎಂದಿನಂತೆ ಬರೆಯುತ್ತಲೇ ಇರುತ್ತಾನೆ; ತನ್ನ ಬರಹ ತನಗೆ ಕಾಣುತ್ತಲೇ ಇರುತ್ತದೆ; ಕೇಳುವವರು ಮಾತ್ರ ಇರುವುದಿಲ್ಲ. ಈ ಪದ್ಧತಿಯ ಇತಿಹಾಸವನ್ನೂ ಧರ್ಮಾಧರ್ಮವನ್ನೂ ಪರಿಶೀಲಿಸುವುದು ಶ್ರಾವಕರಿಗೆ, ವಿಶೇಷವಾಗಿ ವ್ಯಾಪಾರಸ್ಥರಿಗೆ, ಅವಶ್ಯಕವಾಗಿದೆ.

1368ರ ಮೇಲ್ಪಂಕ್ತಿ

ವಿವಾದವನ್ನು ಬಹಿರಂಗವಾಗಿ ಬಗೆಹರಿಸಿದುದಕ್ಕೆ ಶ್ರೇಷ್ಠ ನಿದರ್ಶನವು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಶಕವರ್ಷ 1290, ಕೀಲಕ ಸಂವತ್ಸರ, ಎಂದರೆ ಕ್ರಿ.ಶ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಭವ್ಯಜನರು ತಮಗಾಗುತ್ತಿದ್ದ ಅನ್ಯಾಯವನ್ನು ವೀರಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಶಾಸನದಲ್ಲಿ ಭವ್ಯರೆಂದರೆ ಜೈನರು, ಭಕ್ತರೆಂದರೆ ಶ್ರೀವೈಷ್ಣವರು. ಪಂಚಮಹಾವಾದ್ಯ ಮತ್ತು ಕಳಶಗಳ ಹಕ್ಕು ಈ ವಿವಾದದ ಮುಖ್ಯ ವಿಷಯವಾಗಿತ್ತು. ವಾದ್ಯವೆಂದರೆ ಕೇವಲ ಸದ್ದಲ್ಲ. ಒಂದು ಸಮುದಾಯವು ತಾನಿರುವೆನೆಂದು ಊರಿಗೆ ಕೇಳಿಸುವ ಸಾಧನ. ಆ ಸದ್ದನ್ನು ತಡೆಯುವುದೆಂದರೆ ಆ ಸಮುದಾಯವನ್ನು ಸಾರ್ವಜನಿಕ ಜೀವನದಿಂದ ಮರೆಮಾಡಿದಂತೆ.

ಅರಸನು ಉಭಯ ಪಕ್ಷಗಳ ಸಮ್ಮುಖದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಜೈನದರ್ಶನಕ್ಕೆ ಪೂರ್ವದಂತೆ ಪಂಚಮಹಾವಾದ್ಯ ಮತ್ತು ಕಳಶಗಳು ಸಲ್ಲುವುವೆಂದೂ ನಿರ್ಣಯಿಸಿದನು. ಈ ನಿರ್ಣಯವನ್ನು ರಾಜ್ಯದ ಬಸದಿಗಳಲ್ಲಿ ಶಾಸನವಾಗಿ ನೆಡಬೇಕೆಂದು ವಿಧಿಸಿದನು. ಇದರ ಇನ್ನೊಂದು ಪ್ರತಿ ಮಾಗಡಿ ಸೀಮೆಯ ಕಲ್ಯದಲ್ಲಿ ದೊರೆತಿದೆ. ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಕಾವಲಿನವರನ್ನು ನೇಮಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಲಾಯಿತು. ಅದರ ವೆಚ್ಚಕ್ಕೆ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಉಳಿದುದನ್ನು ಜಿನಾಲಯಗಳ ಜೀರ್ಣೋದ್ಧಾರಕ್ಕೆ ಬಳಸಬೇಕೆಂಬ ಲೆಕ್ಕವೂ ಶಾಸನದಲ್ಲಿದೆ.

ಈ ನಿರ್ಣಯದಲ್ಲಿ ನಾಲ್ಕು ಅಂಗಗಳನ್ನು ಕಾಣಬಹುದು. ದೂರನ್ನು ಸ್ವೀಕರಿಸಲಾಯಿತು, ಉಭಯ ಪಕ್ಷಗಳನ್ನು ಎದುರಿಗೆ ಕರೆಯಲಾಯಿತು, ಕಾರಣ ಹೇಳಿ ತೀರ್ಪು ಕೊಡಲಾಯಿತು, ತೀರ್ಪನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಾಯಿತು. ಮುಂದೆ ಬಂದ ಯಾವುದೇ ನಿರ್ಬಂಧವನ್ನು ಈ ನಾಲ್ಕು ಅಂಗಗಳಿಂದ ಅಳೆದು ನೋಡಬಹುದು.

ಗುಪ್ತ ನಿರ್ಬಂಧದ ಬೆಳವಣಿಗೆ

ಬ್ರಿಟಿಷರ ಕಾಲದ ಮುದ್ರಣ ಕಾಯಿದೆಗಳು ಕಠೋರವಾಗಿದ್ದವು. 1878ರ ದೇಶಭಾಷಾ ಪತ್ರಿಕಾ ಕಾಯಿದೆ, ಪತ್ರಿಕೆಗಳಿಂದ ಠೇವಣಿ ಕೇಳುತ್ತಿದ್ದ 1910ರ ಕಾಯಿದೆ ಇವೆರಡೂ ಅನ್ಯಾಯದವು. ಆದರೂ ಠೇವಣಿ ಕಟ್ಟಬೇಕಾದ ಸಂಪಾದಕನಿಗೆ ತನ್ನ ಮೇಲೆ ಏನು ಬಂದಿದೆಯೆಂಬುದು ತಿಳಿದಿರುತ್ತಿತ್ತು, ಅವನು ಪ್ರತಿಭಟಿಸಬಹುದಾಗಿತ್ತು. 1898ರ ಅಂಚೆ ಕಚೇರಿ ಕಾಯಿದೆಯ 26ನೆಯ ಕಲಮು ಬೇರೆ ಬಗೆಯದು. ಅದರನ್ವಯ ಸರಕಾರವು ಪತ್ರಗಳನ್ನು ಮಧ್ಯದಲ್ಲಿಯೇ ತಡೆಯಬಹುದಾಗಿತ್ತು. ಪತ್ರ ಬರೆದವನು ತನಗೆ ಉತ್ತರ ಬರಲಿಲ್ಲವೆಂದಷ್ಟೇ ತಿಳಿಯುತ್ತಿದ್ದನು. ಮೇಲೆ ಹೇಳಿದ ನಾಲ್ಕು ಅಂಗಗಳಲ್ಲಿ ಒಂದೂ ಅಲ್ಲಿರಲಿಲ್ಲ. ಇಂದಿನ ಕಾಣದ ನಿರ್ಬಂಧದ ಪೂರ್ವಜನನ್ನು ಇಲ್ಲಿ ಗುರುತಿಸಬೇಕು.

ಕಂಪ್ಯೂಟರ್ ಲೋಕದಲ್ಲಿ ಈ ಪದ್ಧತಿ 1980ರ ದಶಕದಷ್ಟು ಹಳೆಯದು. ಅಮೆರಿಕದಲ್ಲಿ ಟೆಲಿಫೋನ್ ಮೂಲಕ ಸಂಪರ್ಕಿಸುವ ಬುಲೆಟಿನ್ ಬೋರ್ಡುಗಳಿದ್ದವು. ಅವುಗಳಲ್ಲಿ ‘ಸಿಟಾಡೆಲ್’ ಎಂಬ ತಂತ್ರಾಂಶವು ಉಪದ್ರವಿಗಳಿಗೆ ಒಂದು ಗುರುತು ಹಚ್ಚುತ್ತಿತ್ತು. ಗುರುತು ಬಿದ್ದವನು ಇತರರ ಸಂದೇಶಗಳನ್ನು ಓದಬಹುದಾಗಿತ್ತು, ತಾನೂ ಬರೆಯಬಹುದಾಗಿತ್ತು; ಅವನ ಬರಹ ಮಾತ್ರ ಅನ್ಯರಿಗೆ ಕಾಣುತ್ತಿರಲಿಲ್ಲ. ಹೊರಗಟ್ಟಿದರೆ ಅವನು ಬೇರೆ ಹೆಸರಿನಿಂದ ಮರಳಿ ಬರುತ್ತಾನೆ, ತಿಳಿಯದಂತೆ ತಡೆದರೆ ಬೇಸತ್ತು ತಾನೇ ಹೋಗುತ್ತಾನೆ ಎಂಬುದು ಅದರ ತರ್ಕ.

ಕೆಲವೇ ಜನರ ಮಂಡಳಿಯಲ್ಲಿ ಹುಟ್ಟಿದ ಈ ಉಪಾಯವು ಕೋಟ್ಯಂತರ ಜನರ ಜಾಲತಾಣಗಳಿಗೆ ಬಂದಾಗ ಅದರ ಸ್ವರೂಪವೇ ಬದಲಾಯಿತು. 2018ರ ಜುಲೈಯಲ್ಲಿ ಟ್ವಿಟರ್ ಸಂಸ್ಥೆಯು ತಾನು ಇಂತಹ ಗುಪ್ತ ನಿಷೇಧವನ್ನು ಮಾಡುವುದಿಲ್ಲವೆಂದು ಪ್ರಕಟವಾಗಿ ಹೇಳಿತು. 2022ರ ಡಿಸೆಂಬರಿನಲ್ಲಿ ಒಡೆತನ ಬದಲಾದ ಮೇಲೆ ಹೊರಬಂದ ಒಳಗಿನ ದಾಖಲೆಗಳಲ್ಲಿ ‘ಕಾಣಿಕೆಯ ಸೋಸುವಿಕೆ’ ಎಂಬ ಅರ್ಥದ ಹೆಸರಿನ ವ್ಯವಸ್ಥೆಯಿರುವುದು ಕಂಡುಬಂದಿತು. ಕೋಲ್ಕತಾದಲ್ಲಿ ಜನಿಸಿದ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಡಾ. ಜಯ್ ಭಟ್ಟಾಚಾರ್ಯರ ಖಾತೆಯು ಒಂದು ಕಪ್ಪುಪಟ್ಟಿಯಲ್ಲಿದ್ದುದು ಆಗ ಬೆಳಕಿಗೆ ಬಂದಿತು. ಸಂಸ್ಥೆಯು ‘ನಿಷೇಧ’ವೆಂಬ ಶಬ್ದವನ್ನು ಒಪ್ಪಿರಲಿಲ್ಲ, ಆದರೆ ಪಟ್ಟಿ ಇತ್ತು.

ಕರ್ನಾಟಕದ ನ್ಯಾಯಾಲಯದಲ್ಲಿ

ಈ ಪ್ರಶ್ನೆಯ ಒಂದು ಮುಖವು ಬೆಂಗಳೂರಿನ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮು ಮತ್ತು 2009ರ ನಿಯಮಗಳ ಅನ್ವಯ ಕೇಂದ್ರ ಸರಕಾರವು ಕೆಲವು ಖಾತೆಗಳನ್ನೂ ಸಂದೇಶಗಳನ್ನೂ ತಡೆಯುವಂತೆ ಆಜ್ಞಾಪಿಸಿತ್ತು. ಅವುಗಳ ಪೈಕಿ 39 ಕೊಂಡಿಗಳ ಬಗೆಗೆ ಟ್ವಿಟರ್ 2022ರ ಜುಲೈಯಲ್ಲಿ ರಿಟ್ ಅರ್ಜಿ ಸಲ್ಲಿಸಿತು. ಖಾತೆದಾರರಿಗೆ ನೋಟೀಸು ಕೊಡಬೇಕಾಗಿತ್ತು, ಕಾರಣ ತಿಳಿಸಬೇಕಾಗಿತ್ತು ಎಂಬುದು ಅದರ ಮುಖ್ಯ ವಾದಗಳಲ್ಲಿ ಒಂದು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಅರ್ಜಿಯನ್ನು ವಜಾ ಮಾಡಿ, ಆಜ್ಞೆ ಪಾಲಿಸಲು ಮಾಡಿದ ವಿಳಂಬಕ್ಕಾಗಿ ಸಂಸ್ಥೆಗೆ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಸಂಸ್ಥೆಯು ಮೇಲ್ಮನವಿ ಹೂಡಿತು. 25 ಲಕ್ಷ ರೂಪಾಯಿ ಠೇವಣಿ ಇಡಬೇಕೆಂಬ ಷರತ್ತಿನ ಮೇಲೆ ದಂಡಕ್ಕೆ ತಡೆ ದೊರೆಯಿತು. ‘ಸಹಯೋಗ’ ಪೋರ್ಟಲಿನ ವಿರುದ್ಧ ಅದೇ ಸಂಸ್ಥೆ ತಂದ ಇನ್ನೊಂದು ಅರ್ಜಿಯನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನರು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿದರು.

ಇಲ್ಲಿ ಎರಡು ಸಂಗತಿಗಳನ್ನು ಬೆರೆಸಬಾರದು. ಸರಕಾರದ ಆಜ್ಞೆಯಿಂದ ಖಾತೆಯನ್ನು ತಡೆದಾಗ ‘ಭಾರತದಲ್ಲಿ ತಡೆಹಿಡಿಯಲಾಗಿದೆ’ ಎಂಬ ಫಲಕವಾದರೂ ಕಾಣುತ್ತದೆ. 2009ರ ನಿಯಮಗಳ 16ನೆಯ ನಿಯಮವು ಗೋಪ್ಯತೆಯನ್ನು ವಿಧಿಸಿರುವುದರಿಂದ ಕಾರಣ ಮಾತ್ರ ಮರೆಯಲ್ಲಿರುತ್ತದೆ. ಸಂಸ್ಥೆಗಳು ತಾವಾಗಿ ಮಾಡುವ ಗುಪ್ತ ನಿರ್ಬಂಧದಲ್ಲಿ ಕಾರಣವಷ್ಟೇ ಅಲ್ಲ, ಕೃತ್ಯವೇ ಮರೆಯಲ್ಲಿರುತ್ತದೆ. ಸರಕಾರದ ಗೋಪ್ಯತೆಯನ್ನು ನ್ಯಾಯಾಲಯದಲ್ಲಿ ಆಕ್ಷೇಪಿಸಿದ ಸಂಸ್ಥೆಯೇ ತನ್ನ ಗ್ರಾಹಕರ ವಿಷಯದಲ್ಲಿ ಗೋಪ್ಯತೆಯನ್ನು ಪಾಲಿಸುತ್ತಿತ್ತೆಂಬುದು ವಿಚಾರ ಮಾಡಬೇಕಾದ ಸಂಗತಿ.

ಯುರೋಪಿನಲ್ಲಿ 2024ರ ಫೆಬ್ರುವರಿ 17ರಿಂದ ಪೂರ್ಣವಾಗಿ ಜಾರಿಗೆ ಬಂದ ಡಿಜಿಟಲ್ ಸೇವೆಗಳ ಕಾಯಿದೆಯು, ಬರಹದ ಪ್ರಸಾರವನ್ನು ತಗ್ಗಿಸಿದರೂ ಖಾತೆದಾರನಿಗೆ ಕಾರಣ ತಿಳಿಸಬೇಕೆಂದು ವಿಧಿಸಿದೆ. ಅದೇ ವರ್ಷದ ಜುಲೈಯಲ್ಲಿ ಆಂಸ್ಟರ್‌ಡ್ಯಾಮ್ ನಗರದ ನ್ಯಾಯಾಲಯವು, ಹಣ ತೆತ್ತು ಸೇವೆ ಪಡೆದಿದ್ದ ಗ್ರಾಹಕನೊಬ್ಬನ ಖಾತೆಯನ್ನು ತಿಳಿಸದೆ ಮರೆಮಾಡಿದ್ದು ತಪ್ಪೆಂದು ತೀರ್ಪಿತ್ತಿತು. ಬುಕ್ಕರಾಯನ ನಿರ್ಣಯದ ಮೂರನೆಯ ಅಂಗವು ಹೀಗೆ ಹೊಸ ಕಾಯಿದೆಯಲ್ಲಿ ಮರಳಿ ಕಾಣಿಸಿಕೊಂಡಿದೆ.

ಕಳ್ಳತೂಕದ ದೋಷ

ಜೈನಾಚಾರದ ದೃಷ್ಟಿಯಿಂದ ಇದಕ್ಕೆ ಯಾವ ಹೆಸರು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ‘ಹೀನಾಧಿಕಮಾನೋನ್ಮಾನ’ವೆಂಬುದು ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವ ದೋಷ. ಅಂಗಡಿಕಾರನು ಗಿರಾಕಿಗೆ ‘ನಿನಗೆ ಮಾರುವುದಿಲ್ಲ’ ಎಂದು ಹೇಳಿದರೆ ಅದು ನಿರಾಕರಣೆ; ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ. ಒಂದು ಸೇರಿನ ಬೆಲೆ ತೆಗೆದುಕೊಂಡು ಮುಕ್ಕಾಲು ಸೇರು ಅಳೆದರೆ ಅದು ಕಳ್ಳತನ. ಜಾಲತಾಣವು ಖಾತೆದಾರನಿಂದ ಬರಹವನ್ನೂ ಸಮಯವನ್ನೂ ಕೆಲವೊಮ್ಮೆ ಹಣವನ್ನೂ ಪೂರ್ಣವಾಗಿ ಪಡೆಯುತ್ತದೆ. ಪ್ರಸಾರವನ್ನು ಮಾತ್ರ ಹೇಳದೆ ಕಡಿಮೆ ಅಳೆಯುತ್ತದೆ. ದಶಲಕ್ಷಣ ಧರ್ಮಗಳಲ್ಲಿ ಮೂರನೆಯದಾದ ಆರ್ಜವವು ಮನ, ವಚನ, ಕಾಯಗಳ ಏಕರೂಪತೆ. ತೆರೆದ ಬಾಗಿಲನ್ನು ತೋರಿಸಿ ಒಳಗೆ ಅಗುಳಿ ಹಾಕುವುದು ಅದರ ವಿರೋಧಿಯಾದ ಮಾಯಾಕಷಾಯ.

ಅನೇಕಾಂತ ದೃಷ್ಟಿಯು ಪ್ರತಿಪಕ್ಷವನ್ನೂ ಆಲಿಸಬೇಕೆನ್ನುತ್ತದೆ. ಕೃತಕ ಖಾತೆಗಳನ್ನು ಸಾವಿರಗಟ್ಟಲೆ ಹುಟ್ಟಿಸಿ ಮೋಸ ಮಾಡುವವರಿಗೆ ‘ನಿಮ್ಮನ್ನು ಗುರುತಿಸಿದ್ದೇವೆ’ ಎಂದು ಹೇಳಿದರೆ ಅವರು ಕೂಡಲೆ ಮಾರ್ಗ ಬದಲಿಸುತ್ತಾರೆಂಬ ಸಂಸ್ಥೆಗಳ ವಾದದಲ್ಲಿ ಸತ್ಯಾಂಶವಿದೆ. ಯಂತ್ರಕ್ಕೆ ನೋಟೀಸು ಕೊಡಬೇಕಾದ ಅಗತ್ಯವಿಲ್ಲ. ಆದರೆ ಹೆಸರು, ವಿಳಾಸ, ಉದ್ಯೋಗಗಳುಳ್ಳ ಮನುಷ್ಯನ ವಿಷಯದಲ್ಲಿ ಈ ವಾದ ನಿಲ್ಲದು. ಬೆಟಗೇರಿಯ ನೇಕಾರನೊಬ್ಬನು ತನ್ನ ಸೀರೆಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ತೋರಿಸಿ ಮಾರುತ್ತಿದ್ದಾನೆಂದು ಭಾವಿಸೋಣ. ಬೇಡಿಕೆ ಏಕಾಏಕಿ ನಿಂತರೆ ಅವನು ತನ್ನ ನೇಯ್ಗೆಯನ್ನೇ ಸಂಶಯಿಸುತ್ತಾನೆ, ಬೆಲೆ ಇಳಿಸುತ್ತಾನೆ, ಸಾಲ ಮಾಡುತ್ತಾನೆ. ಶಿಕ್ಷೆ ಅನುಭವಿಸುತ್ತಿದ್ದೇನೆಂಬ ಅರಿವೇ ಇಲ್ಲದವನಿಗೆ ತಿದ್ದಿಕೊಳ್ಳುವ ಅವಕಾಶವೂ ಇಲ್ಲ. ಪ್ರಾಯಶ್ಚಿತ್ತಕ್ಕೆ ಎಡೆಗೊಡದ ದಂಡವನ್ನು ಜಿನಧರ್ಮವು ಎಂದೂ ಹೇಳಿಲ್ಲ.

ಪತ್ತೆ ಮತ್ತು ಪರಿಹಾರ

ಸಿಂಗಟಾಲೂರು ಏತ ನೀರಾವರಿಯಲ್ಲಿ ತುಂಗಭದ್ರೆಯ ನೀರನ್ನು ಮೇಲೆತ್ತಿ ಮುಂಡರಗಿ, ಗದಗ ಭಾಗಗಳ ಹೊಲಗಳತ್ತ ಹರಿಸುವರು. ಕಾಲುವೆಯ ಕೊನೆಯ ರೈತನು ಒಂದು ದಿನ ನೀರು ಬಾರದಿದ್ದರೆ ಯಾರೋ ತನ್ನ ಪಾಲು ತಡೆದರೆಂದು ಜಗಳಕ್ಕಿಳಿಯುವುದು ತರವಲ್ಲ. ಕರೆಂಟು ಹೋಗಿರಬಹುದು, ಹೂಳು ತುಂಬಿರಬಹುದು. ಪಕ್ಕದ ಹೊಲದಲ್ಲಿ ನೀರಿದೆಯೇ ಎಂದು ಮೊದಲು ನೋಡಬೇಕು. ಜಾಲತಾಣದಲ್ಲಿಯೂ ಇದೇ ವಿವೇಕ ಬೇಕು. ಓದುಗರು ಕಡಿಮೆಯಾದರೆಂದ ಮಾತ್ರಕ್ಕೆ ನಿರ್ಬಂಧವಿದೆಯೆಂದಲ್ಲ. ಜನರ ಅಭಿರುಚಿ ಬದಲಾಗಿರಬಹುದು, ಸಂಸ್ಥೆಯ ಗಣಿತವೂ ಎಲ್ಲರ ಪಾಲಿಗೆ ಬದಲಾಗಿರಬಹುದು.

ಆದ್ದರಿಂದ ಮೊದಲ ಸಾಧನ ಲೆಕ್ಕ. ಪ್ರತಿ ಬರಹವನ್ನು ಎಷ್ಟು ಜನ ನೋಡಿದರು, ಅವರಲ್ಲಿ ಹಿಂಬಾಲಕರೆಷ್ಟು, ಹೊಸಬರೆಷ್ಟು ಎಂಬುದನ್ನು ಕೆಲವು ವಾರ ಬರೆದಿಡಬೇಕು. ಹಿಂಬಾಲಕರ ಸಂಖ್ಯೆ ಸ್ಥಿರವಾಗಿದ್ದು ಹೊಸಬರು ಮಾತ್ರ ಒಮ್ಮೆಲೆ ಶೂನ್ಯಕ್ಕಿಳಿದರೆ ಸಂಶಯಕ್ಕೆ ಆಧಾರವಿದೆ. ಎರಡನೆಯದಾಗಿ, ತನ್ನ ಖಾತೆಯಿಂದ ಹೊರಬಂದು, ಅಥವಾ ಪರಿಚಯವಿಲ್ಲದ ಖಾತೆಯಿಂದ, ತನ್ನ ಹೆಸರನ್ನು ಹುಡುಕಿ ನೋಡಬೇಕು. ಮೂರನೆಯದಾಗಿ, ಸಂಸ್ಥೆಯೇ ತೋರಿಸುವ ಸ್ಥಿತಿಪತ್ರವನ್ನು ಓದಬೇಕು. ಇನ್‌ಸ್ಟಾಗ್ರಾಮ್ 2022ರ ಡಿಸೆಂಬರಿನಿಂದ ‘ಖಾತೆಯ ಸ್ಥಿತಿ’ ಎಂಬ ಪುಟದಲ್ಲಿ, ಒಂದು ಖಾತೆಯ ಬರಹಗಳನ್ನು ಹೊಸಬರಿಗೆ ಶಿಫಾರಸು ಮಾಡಲು ಅಡ್ಡಿಯಿದೆಯೇ ಎಂಬುದನ್ನು ವ್ಯಾಪಾರಿಗಳಿಗೆ ತಿಳಿಸತೊಡಗಿತು. ಅಲ್ಲಿಂದಲೇ ಮರುಪರಿಶೀಲನೆ ಕೇಳಬಹುದು.

ಅಡ್ಡಿ ಕಂಡರೆ ಮೊದಲು ಆತ್ಮಾವಲೋಕನ ಯೋಗ್ಯ. ಹಿಂಬಾಲಕರನ್ನು ಹಣಕ್ಕೆ ಕೊಂಡಿದ್ದರೆ, ಯಂತ್ರದಿಂದ ಸಂದೇಶ ಕಳಿಸಿದ್ದರೆ, ಅನ್ಯರ ಚಿತ್ರವನ್ನು ತನ್ನದೆಂದು ಹಾಕಿದ್ದರೆ, ಅದು ಖಾತೆದಾರನದೇ ಅತಿಚಾರ. ಅದನ್ನು ಮೊದಲು ತ್ಯಜಿಸಬೇಕು. ದೋಷವಿಲ್ಲದಿದ್ದರೆ ದಾಖಲೆಗಳೊಡನೆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂತಹ ಅಧಿಕಾರಿಯ ನೇಮಕವನ್ನು ಕಡ್ಡಾಯಗೊಳಿಸಿದವು. ಸಂಸ್ಥೆಯ ನಿರ್ಣಯ ಸಮಾಧಾನ ತರದಿದ್ದರೆ 30 ದಿನಗಳೊಳಗೆ, 2023ರಲ್ಲಿ ಕೇಂದ್ರ ಸರಕಾರ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಅಂತರಜಾಲದ ಮೂಲಕವೇ ಮನವಿ ಸಲ್ಲಿಸಬಹುದು. ದೊಡ್ಡ ಸಂಸ್ಥೆಗಳು ಬರಹವನ್ನು ತಾವಾಗಿ ತೆಗೆದುಹಾಕುವಾಗ ಕಾರಣ ತಿಳಿಸಬೇಕೆಂದು ಆ ನಿಯಮಗಳಲ್ಲಿದೆ. ತೆಗೆಯದೆ ಮರೆಮಾಡುವುದರ ಬಗೆಗೂ ಅಷ್ಟೇ ಸ್ಪಷ್ಟವಾದ ಮಾತು ಬರಬೇಕಾಗಿದೆ.

1368ರಲ್ಲಿ ಭವ್ಯಜನರು ಮೌನವಾಗಿ ಕುಳಿತಿದ್ದರೆ ವಾದ್ಯಗಳು ನಿಂತುಹೋಗುತ್ತಿದ್ದವು, ಶಾಸನವೂ ಹುಟ್ಟುತ್ತಿರಲಿಲ್ಲ. ಅವರು ದ್ವೇಷವನ್ನು ಬೆಳೆಸಲಿಲ್ಲ, ಬಿನ್ನವಿಸಿಕೊಳ್ಳುವುದನ್ನು ಬಿಡಲೂ ಇಲ್ಲ. ತಡೆಯುವ ಅಧಿಕಾರ ಯಾವ ಕಾಲದಲ್ಲಿಯೂ ಯಾರದೋ ಕೈಯಲ್ಲಿ ಇದ್ದೇ ಇರುತ್ತದೆ. ತಡೆದುದನ್ನು ತಡೆಯಲ್ಪಟ್ಟವನಿಗೆ ತಿಳಿಸಿ, ಅವನ ಮಾತನ್ನು ಕೇಳುವುದು ಆ ಅಧಿಕಾರದ ಕನಿಷ್ಠ ಧರ್ಮ. ಈ ಧರ್ಮವನ್ನು ಶ್ರಾವಕರು ಜಾಲತಾಣಗಳಿಂದ ನಿರೀಕ್ಷಿಸುವುದು ನ್ಯಾಯವಾದುದು. ತಮ್ಮ ಅಂಗಡಿ, ಸಂಘ, ಟ್ರಸ್ಟುಗಳ ವಾಟ್ಸಾಪ್ ಬಳಗಗಳಲ್ಲಿ ಭಿನ್ನಾಭಿಪ್ರಾಯದವನನ್ನು ಸದ್ದಿಲ್ಲದೆ ದೂರವಿಡುವ ಮುನ್ನ ತಾವೂ ಅದನ್ನು ಪಾಲಿಸುವುದು ಇನ್ನೂ ಹೆಚ್ಚಿನ ಕರ್ತವ್ಯ.