ಹಳಿ ಬಿಟ್ಟು ರಸ್ತೆಗಿಳಿದ ರೈಲ್ವೆ

ಐರ್ಲೆಂಡಿನ ವಾಯವ್ಯ ಮೂಲೆಯ ಡೊನೆಗಾಲ್‌ನಲ್ಲಿ ರೈಲೇ ಇಲ್ಲದ ರೈಲ್ವೆ ಕಂಪನಿಯೊಂದು ಸುಮಾರು ಅರವತ್ತು ವರ್ಷ ಬಸ್ಸು ಓಡಿಸಿತು! 1853ರಲ್ಲಿ ಹುಟ್ಟಿದ ಲಂಡನ್‌ಡೆರಿ ಅಂಡ್ ಲಾಕ್ ಸ್ವಿಲ್ಲಿ ರೈಲ್ವೆ ಕಂಪನಿ, 1953ರಲ್ಲಿ ಕೊನೆಯ ರೈಲು ನಿಂತರೂ ಹೆಸರು ಬದಲಿಸಲಿಲ್ಲ.

ಡೆರಿ (ಲಂಡನ್‌ಡೆರಿ) ನಗರದಿಂದ ಬಂಕ್ರಾನಾ, ಲೆಟರ್‌ಕೆನ್ನಿ ಕಡೆಗಿನ ಊರುಗಳಲ್ಲಿ ಜನ ವಿರಳ. ಇಂಥ ದಾರಿಯಲ್ಲಿ ಹೊಸ ಬಸ್ಸಿನ ಅಸಲು ಹುಟ್ಟುವುದೇ ಕಷ್ಟ. ಹಾಗಾಗಿ ಬೇರೆಡೆ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಲೇಲ್ಯಾಂಡ್ ಲೆಪರ್ಡ್, ಟೈಗರ್ ಬಸ್ಸುಗಳು ಇಲ್ಲಿ ಮರುಜನ್ಮ ಪಡೆದವು. ಬ್ರಿಟನ್‌ನಂತೆ ಐರ್ಲೆಂಡಿನಲ್ಲೂ ರಸ್ತೆಯ ಎಡಬದಿಯ ಸಂಚಾರ. ಹಾಗಾಗಿ ಅಲ್ಲಿಂದ ತಂದ ಬಸ್ಸುಗಳ ಸ್ಟಿಯರಿಂಗ್, ಬಾಗಿಲು ಯಾವುದನ್ನೂ ಬದಲಿಸಬೇಕಿರಲಿಲ್ಲ. ಲೆಪರ್ಡ್‌ನ ಎಂಜಿನ್ ಇರುವುದು ಬಸ್ಸಿನ ನಡುಭಾಗದಲ್ಲಿ, ನೆಲಹಾಸಿನ ಕೆಳಗೆ. ಅದರ ಗುಡುಗು ಸೀಟಿನಲ್ಲಿ ಕೂತವರ ಪಾದಕ್ಕೇ ತಟ್ಟುತ್ತಿತ್ತು.

2014ರ ಏಪ್ರಿಲ್‌ನಲ್ಲಿ ಕಂಪನಿ ಮುಚ್ಚಿತು. ಅದರ ಕೆಲವು ಮಾರ್ಗಗಳನ್ನು ಸ್ಥಳೀಯ ಖಾಸಗಿ ಬಸ್ಸಿನವರು ವಹಿಸಿಕೊಂಡರು.