ಕಾರಿನ ಹಿಂಬದಿ ಆಕ್ಸಲ್‌ನಲ್ಲಿ ಸದ್ದೇ? ಬಿಚ್ಚುವ ಮುನ್ನ ಕಿವಿಗೊಡಿ

ಕಾರಿನ ಹಿಂಭಾಗದಿಂದ ಗುಂಯ್ ಎಂಬ ಸದ್ದು ಬಂದರೆ ಗ್ಯಾರೇಜುಗಳಲ್ಲಿ ಬಹುತೇಕ ಮೊದಲು ಸಿಗುವ ಉತ್ತರ 'ಕ್ರೌನ್ ಹೋಗಿದೆ' ಎಂಬುದು. ಡಿಫರೆನ್ಷಿಯಲ್‌ನೊಳಗಿನ ಕ್ರೌನ್ ಮತ್ತು ಪಿನಿಯನ್ ಬದಲಾವಣೆ ಹಿಂಬದಿ ಆಕ್ಸಲ್‌ನ ದುಬಾರಿ ರಿಪೇರಿಗಳಲ್ಲೊಂದು. ಆದರೆ ಅದೇ ಬಗೆಯ ಸದ್ದನ್ನು ಸವೆದ ಟೈರು ಅಥವಾ ಚಕ್ರದ ಬೇರಿಂಗ್ ಕೂಡ ಹೊರಡಿಸಬಲ್ಲದು. ಸದ್ದು ಹೇಗಿದೆ ಎಂಬುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ಅಡಗುತ್ತದೆ ಎಂಬುದನ್ನು ಗಮನಿಸಿದರೆ ದೋಷದ ಮೂಲ ಬಹುಮಟ್ಟಿಗೆ ತಿಳಿಯುತ್ತದೆ.

ಎಂಜಿನ್‌ನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, 2019ರಲ್ಲಿ ನಿಂತ ಮಾರುತಿ ಓಮ್ನಿ, ಮಹೀಂದ್ರ ಬೊಲೆರೊ ಇವೆಲ್ಲ ಹಿಂಬದಿ ಚಾಲನೆಯ ವಾಹನಗಳು. ಇವುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ ಕ್ರೌನನ್ನು ತಿರುಗಿಸುತ್ತದೆ. ಸ್ವಿಫ್ಟ್, ಸ್ಯಾಂಟ್ರೊ, ಇಂಡಿಕಾಗಳಂಥ ಮುಂಬದಿ ಚಾಲನೆಯ ಕಾರುಗಳ ಹಿಂಭಾಗದಲ್ಲಿ ಕ್ರೌನೂ ಇಲ್ಲ, ಪಿನಿಯನ್ನೂ ಇಲ್ಲ. ಅಲ್ಲಿ ಚಕ್ರದ ಬೇರಿಂಗ್, ಬ್ರೇಕ್ ಡ್ರಮ್, ಶಾಕ್ ಅಬ್ಸಾರ್ಬರ್, ರಬ್ಬರ್ ಬುಷ್‌ಗಳನ್ನಷ್ಟೇ ನೋಡಬೇಕು. ಅಂಥ ಕಾರಿನ ಹಿಂಬದಿಯಲ್ಲಿ ಕ್ರೌನ್ ರಿಪೇರಿಯ ಮಾತೆತ್ತುವ ಗ್ಯಾರೇಜಿನಿಂದ ಹೊರಬರುವುದೇ ಲೇಸು.

ಪರೀಕ್ಷೆಗೆ ವಾಹನ ಸಂಚಾರ ವಿರಳವಾದ ನೇರ ರಸ್ತೆ ಬೇಕು. ನಿಂತ ವಾಹನದಲ್ಲಿ ಎಂಜಿನ್ ರೇಸ್ ಮಾಡಿದಾಗಲೂ ಸದ್ದು ಕೇಳಿಸಿದರೆ ಅದು ಆಕ್ಸಲ್‌ನದ್ದಲ್ಲ. ಕಾಂಕ್ರೀಟ್ ರಸ್ತೆಯಿಂದ ನುಣುಪಾದ ಡಾಂಬರಿಗೆ ಬಂದೊಡನೆ ಸದ್ದು ಬದಲಾದರೆ ಅನುಮಾನ ಟೈರಿನ ಮೇಲೆ. ಮುಂದಿನ ಮತ್ತು ಹಿಂದಿನ ಟೈರುಗಳನ್ನು ಅದಲು ಬದಲು ಮಾಡಿದಾಗ ಸದ್ದೂ ಜಾಗ ಬದಲಿಸಿದರೆ ಸಂಶಯವೇ ಉಳಿಯುವುದಿಲ್ಲ.

ರಸ್ತೆ ಬದಲಾದರೂ ಸದ್ದು ಬದಲಾಗದಿದ್ದರೆ ಆಕ್ಸಿಲರೇಟರ್ ಒತ್ತಿ, ಬಿಟ್ಟು ನೋಡಬೇಕು. ಒತ್ತಿದಾಗ ಮಾತ್ರ, ಇಲ್ಲವೇ ಬಿಟ್ಟಾಗ ಮಾತ್ರ ಊಳಿಡುವ ಸದ್ದು ಬಂದರೆ ದೋಷ ಕ್ರೌನ್-ಪಿನಿಯನ್ ಹಲ್ಲುಗಳಲ್ಲಿರುವ ಸಂಭವ ಹೆಚ್ಚು. ಏಕೆಂದರೆ ಎಂಜಿನ್ ಚಕ್ರವನ್ನು ಎಳೆಯುವಾಗ ಹಲ್ಲಿನ ಒಂದು ಬದಿಗೂ, ಚಕ್ರ ಎಂಜಿನ್ನನ್ನು ಎಳೆಯುವಾಗ ಇನ್ನೊಂದು ಬದಿಗೂ ಒತ್ತಡ ಬೀಳುತ್ತದೆ. ಎರಡೂ ಸಂದರ್ಭಗಳಲ್ಲಿ ಗರಗರ ಎನ್ನುತ್ತಿದ್ದರೆ ಪಿನಿಯನ್ ಬೇರಿಂಗ್ ಅಥವಾ ಚಕ್ರದ ಬೇರಿಂಗ್ ಕಾರಣವಿರಬಹುದು. ತಿರುವಿನಲ್ಲಷ್ಟೇ ಸದ್ದಾದರೆ ಡಿಫರೆನ್ಷಿಯಲ್‌ನೊಳಗಿನ ಚಿಕ್ಕ ಗಿಯರುಗಳನ್ನು ಪರಿಶೀಲಿಸಬೇಕು.

ಈ ಎರಡು ಬೇರಿಂಗ್‌ಗಳನ್ನು ಬೇರ್ಪಡಿಸಲು ಸಣ್ಣ ಲೆಕ್ಕವೊಂದು ನೆರವಾಗುತ್ತದೆ. ಟೈರಿನ ಸುತ್ತಳತೆ ಸುಮಾರು 2 ಮೀಟರ್ ಎಂದಿಟ್ಟುಕೊಂಡರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 8 ಸುತ್ತು ಹಾಕುತ್ತದೆ. ಪಿನಿಯನ್ ಅದರ ಸುಮಾರು ನಾಲ್ಕು ಪಟ್ಟು ತಿರುಗುತ್ತದೆ. ಹೀಗಾಗಿ ಚಕ್ರದ ಬೇರಿಂಗ್‌ನದ್ದು ತಗ್ಗಿನ ದನಿ, ಪಿನಿಯನ್‌ನದ್ದು ಏರು ದನಿ. ಜತೆಗೆ, ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಾಗ ವಾಹನದ ಭಾರ ಬಲಕ್ಕೆ ವಾಲುತ್ತದೆ. ಆಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ಬಲಚಕ್ರದ ಬೇರಿಂಗ್ ಕೆಟ್ಟಿರುತ್ತದೆ. ಇದನ್ನು ಮುಂದೂಡುವಂತಿಲ್ಲ. ಹಲವು ವಾಹನಗಳಲ್ಲಿ ಆಕ್ಸಲ್ ಶಾಫ್ಟನ್ನು ಹಿಡಿದಿಡುವುದೇ ಈ ಬೇರಿಂಗ್. ಅದು ಪೂರ್ತಿ ಒಡೆದರೆ ಶಾಫ್ಟ್ ಸಹಿತ ಚಕ್ರವೇ ಹೊರಬರಬಹುದು. ಅದಕ್ಕೂ ಮೊದಲು ಆಯಿಲ್ ಸೀಲ್ ಹಾಳಾಗಿ ಬ್ರೇಕ್ ಶೂಗೆ ಎಣ್ಣೆ ಹತ್ತಿದರೆ ಬ್ರೇಕ್ ಹಿಡಿಯುವುದಿಲ್ಲ.

ಗಿಯರ್ ಬದಲಿಸುವಾಗ ಅಥವಾ ರಿವರ್ಸ್‌ನಿಂದ ಮೊದಲ ಗಿಯರಿಗೆ ಬಂದಾಗ ಕೇಳಿಸುವ 'ಟಕ್' ಸದ್ದು ಬೇರೆಯದೇ ಜಾತಿ. ಅದಕ್ಕೆ ಪ್ರೊಪೆಲ್ಲರ್ ಶಾಫ್ಟ್‌ನ ಸವೆದ ಕ್ರಾಸ್ ಜಾಯಿಂಟ್ ಕಾರಣವಾಗಿರಬಹುದು, ಸ್ಪ್ರಿಂಗ್ ಪ್ಲೇಟುಗಳ ಸಡಿಲ ಯು-ಬೋಲ್ಟ್ ಕೂಡ. ಮೆಲ್ಲಗೆ ಚಲಿಸುವಾಗ ಇಲಿಯಂತೆ ಚೀಂವ್‌ಗುಟ್ಟುವ ಸದ್ದು ಗ್ರೀಸ್ ಒಣಗಿದ ಕ್ರಾಸ್‌ನದ್ದಾಗಿರುವುದುಂಟು. ಎರಡೂ ಹೆಚ್ಚು ಖರ್ಚಿನವಲ್ಲ.

ಚಕ್ರ ಎತ್ತಿ ಪರೀಕ್ಷಿಸುವಾಗ ಎಚ್ಚರ ಅಗತ್ಯ. ಹ್ಯಾಂಡ್ ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ. ಅದನ್ನು ಬಿಟ್ಟ ಮೇಲೆ ಮುಂದಿನ ಚಕ್ರಗಳಿಗೆ ಅಡೆ ಇಡದಿದ್ದರೆ ವಾಹನ ಉರುಳುತ್ತದೆ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ನುಸುಳುವುದಂತೂ ಸಲ್ಲದು. ಒಂದೇ ಚಕ್ರ ಎತ್ತಿ ಎಂಜಿನ್‌ನಿಂದ ಓಡಿಸಿದರೆ ಅದು ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಕೈಯಿಂದ ತಿರುಗಿಸಿದರೆ ಸಾಕು, ಒರಟುತನ ಬೆರಳಿಗೇ ತಿಳಿಯುತ್ತದೆ.

ಡಿಫರೆನ್ಷಿಯಲ್‌ನ ಎಣ್ಣೆಯೂ ಕಥೆ ಹೇಳುತ್ತದೆ. ಡ್ರೈನ್ ಪ್ಲಗ್‌ಗೆ ಅಂಟಿದ ನಯವಾದ ಕಪ್ಪು ಲೇಪ ಸಹಜ. ಲೋಹದ ಚೂರುಗಳು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಮುರಿದಿದೆ ಎಂದರ್ಥ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬೆಂಗಳೂರಿನ ಅಂಡರ್‌ಪಾಸ್‌ಗಳಲ್ಲಿ ಮಳೆನೀರು ನಿಂತಾಗ ಇದು ಸಂಭವಿಸಬಹುದು: ಬಿಸಿಯಾದ ಹೌಸಿಂಗ್ ತಟ್ಟನೆ ತಣಿದು, ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅಥವಾ ಸೀಲ್ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆಯನ್ನು ಒಡನೆ ಬದಲಿಸಿದರೆ ಬೇರಿಂಗ್ ಉಳಿಯುತ್ತದೆ.

ನಿಜಕ್ಕೂ ಕ್ರೌನ್ ಸವೆದಿದ್ದರೆ ಅದೊಂದನ್ನೇ ಬದಲಿಸಿ ಹಣ ಉಳಿಸಲಾಗದು. ಕ್ರೌನ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲೇ ಜೋಡಿಯಾಗಿ ಹೊಂದಿಸಲಾಗಿರುತ್ತದೆ. ಹೊಸ ಕ್ರೌನಿಗೆ ಹಳೆಯ ಪಿನಿಯನ್ ಸೇರಿಸಿದರೆ ಸದ್ದು ಮತ್ತೆ ಬರುತ್ತದೆ. ಗಟ್ಟಿ ಎಣ್ಣೆ ತುಂಬಿ ಸದ್ದಡಗಿಸಿ ವಾಹನ ಮಾರುವುದು ಹಳೆಯ ಚಾಳಿ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಬೊಲೆರೊ ಅಥವಾ ಓಮ್ನಿ ಕೊಳ್ಳುವವರು ಹತ್ತಿಪ್ಪತ್ತು ಕಿ.ಮೀ. ಓಡಿಸಿ, ಎಣ್ಣೆ ಬಿಸಿಯಾಗಿ ತೆಳುವಾದ ಮೇಲೆ ಮತ್ತೊಮ್ಮೆ ಆಲಿಸುವುದು ಒಳಿತು.