ಅರಮನೆಯ ಉಡುಗೆಯ ಭಾರ ಹೊತ್ತವರು

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬುದು ನಮ್ಮ ಹಿರಿಯರ ಗಾದೆ. ಉಣ್ಣುವಾಗ ನಮ್ಮ ನಾಲಿಗೆಯ ಮಾತು ಕೇಳಿದರೆ ಸಾಕು; ಉಡುವಾಗ ನೋಡುವವರ ಕಣ್ಣಿಗೆ ಅಂಜಬೇಕು. ಸಾಮಾನ್ಯರ ಮನೆಯಲ್ಲೇ ಹೀಗಾದರೆ ಅರಮನೆಯ ಪಾಡನ್ನು ಕೇಳಬೇಕೆ? ಅಲ್ಲಿ ಉಡುವವಳ ಇಚ್ಛೆಗೆ ಎಡೆಯೇ ಇರಲಿಲ್ಲ.

ರಾಣಿವಾಸದ ಉಡುಗೆತೊಡುಗೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವುಗಳ ವೈಭವವನ್ನು ಬಣ್ಣಿಸಿ ಸುಮ್ಮನಾಗುತ್ತಾರೆ. ಅವನ್ನು ಉಟ್ಟು ನಡೆಯುವುದು ಹೇಗೆ, ಕೂರುವುದು ಹೇಗೆ, ಬೆವರಿದರೆ ಗತಿಯೇನು ಎಂದು ಕೇಳುವವರು ಕಡಿಮೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಯವರಾದ ನಾವು ಇದನ್ನು ಕೇಳುವುದಕ್ಕೆ ಒಂದು ಕಾರಣವಿದೆ. ನಮ್ಮಲ್ಲಿ ಅನೇಕರು ದೇವಾಂಗ ನೇಕಾರರ ಮಕ್ಕಳು. ಅರಮನೆಗಳು ಉಟ್ಟದ್ದನ್ನು ನೇಯ್ದ ಕೈಗಳಲ್ಲಿ ನಮ್ಮ ಕುಲದವರ ಕೈಗಳೂ ಇದ್ದವು. ಉಟ್ಟವರ ಚರಿತ್ರೆಯ ಜೊತೆಗೆ ನೇಯ್ದವರ ಚರಿತ್ರೆಯನ್ನೂ ಇಟ್ಟು ನೋಡಿದಾಗಲೇ ಆ ಉಡುಗೆಯ ಪೂರ್ಣ ತೂಕ ತಿಳಿಯುವುದು.

ಮೊದಲು ಹಂಪೆಗೆ ಹೋಗೋಣ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ಪೋರ್ಚುಗಲ್ ದೇಶದ ಡೊಮಿಂಗೋ ಪಾಯಸ್ ಎಂಬಾತ ವಿಜಯನಗರಕ್ಕೆ ಬಂದು ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡನು. ಅವನ ಬರಹ ಶತಮಾನಗಳ ಕಾಲ ಮರೆಯಾಗಿದ್ದು, 1900ರಲ್ಲಿ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ನಮ್ಮವರ ಗಮನಕ್ಕೆ ಬಂತು. ಉತ್ಸವದಲ್ಲಿ ರಾಜನ ಕುದುರೆಗಳನ್ನು ಅಲಂಕರಿಸಿ ನಿಲ್ಲಿಸುತ್ತಿದ್ದರು. ಆಗ ಅಂತಃಪುರದಿಂದ ರಾಣಿಯರ ಸಖಿಯರು, ಹದಿನಾರರಿಂದ ಇಪ್ಪತ್ತು ವರ್ಷದೊಳಗಿನ ಸುಮಾರು ಅರವತ್ತು ಮಂದಿ, ಸಾಲಾಗಿ ಹೊರಬರುತ್ತಿದ್ದರಂತೆ. ಮೈಮೇಲೆ ಬೆಲೆಬಾಳುವ ರೇಷ್ಮೆ. ತಲೆಯ ಮೇಲೆ ಎತ್ತರದ ಕುಲಾವಿ, ಅದರ ಮೇಲೆ ದಪ್ಪ ಮುತ್ತುಗಳ ಹೂಗಳು. ಕೊರಳಲ್ಲಿ ಪಚ್ಚೆ, ವಜ್ರ, ಕೆಂಪುಗಳನ್ನು ಕೂರಿಸಿದ ಚಿನ್ನದ ಪಟ್ಟಿಗಳು. ಮುಂಗೈ ತುಂಬ ಬಳೆಗಳು, ತೋಳಿಗೆ ಬಂದಿಗಳು. ನಡುವಿನಿಂದ ಒಂದರ ಕೆಳಗೊಂದರಂತೆ ತೊಡೆಯ ಅರ್ಧದವರೆಗೂ ಇಳಿಬಿದ್ದ ಡಾಬುಗಳು. ಕಾಲಲ್ಲಿ ಇವೆಲ್ಲವನ್ನೂ ಮೀರಿಸುವ ಬೆಲೆಯ ಕಡಗಗಳು. ಇಷ್ಟು ಸಾಲದೆಂಬಂತೆ ಕೈಯಲ್ಲಿ ದೊಡ್ಡದೊಂದು ಚಿನ್ನದ ಪಾತ್ರೆ, ಅದರೊಳಗೆ ಉರಿಯುವ ದೀಪ. ಈ ಸ್ಥಿತಿಯಲ್ಲಿ ಅವರು ಕುದುರೆಗಳ ಸುತ್ತ ಮೂರು ಸುತ್ತು ಬರಬೇಕಾಗಿತ್ತು.

ಪಾಯಸ್ ಇಲ್ಲಿ ಒಂದು ಸಂಗತಿಯನ್ನು ಮರೆಯದೆ ದಾಖಲಿಸಿದ್ದಾನೆ. ಚಿನ್ನದ ಭಾರವನ್ನು ತಾಳಲಾರದೆ ಆ ಹುಡುಗಿಯರಲ್ಲಿ ಅನೇಕರಿಗೆ ತಮ್ಮ ತೋಳುಗಳನ್ನು ತಾವೇ ಎತ್ತಿ ಹಿಡಿಯಲಾಗುತ್ತಿರಲಿಲ್ಲ. ಪಕ್ಕದಲ್ಲಿ ಬೇರೆ ಹೆಂಗಸರು ನಡೆಯುತ್ತ ಅವರ ತೋಳುಗಳಿಗೆ ಆಸರೆ ಕೊಡುತ್ತಿದ್ದರು. ಈ ಸಾಲನ್ನು ಓದುವಾಗ ಕಣ್ಣು ಚಿನ್ನದಿಂದ ಆಸರೆ ಕೊಟ್ಟ ಕೈಗಳ ಕಡೆಗೆ ಹೊರಳುತ್ತದೆ. ಆ ಹೆಂಗಸರ ಉಡುಗೆ ಏನಿತ್ತೆಂದು ಅವನು ಬರೆದಿಲ್ಲ. ಕೆಲಸ ಮಾಡಲು ಬರುವಂಥದ್ದೇ ಇದ್ದಿರಬೇಕು.

ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯನ್ನು ನೋಡಿದವರಿಗೆ ಅಲ್ಲಿ ಆನೆ, ಕುದುರೆ, ಪದಾತಿಗಳ ಸಾಲುಗಳ ಜೊತೆಗೆ ಕುಣಿಯುವ ಹೆಂಗಸರ ಸಾಲೂ ನೆನಪಿರಬಹುದು. ಅವರ ಕೈಕಾಲುಗಳು ಸಲೀಸಾಗಿ ಆಡುತ್ತವೆ. ಹಾಗೆಯೇ ನಮ್ಮ ಅಜ್ಜಿಯರು ಉಡುತ್ತಿದ್ದ ಹದಿನೆಂಟು ಮೊಳದ ಕಚ್ಚೆ ಸೀರೆಯಲ್ಲಿ ನೀರು ಸೇದಬಹುದಿತ್ತು, ಗದ್ದೆಗೆ ಇಳಿಯಬಹುದಿತ್ತು. ಎಂದರೆ ಅನುಕೂಲವಾದ ಉಡುಗೆಯ ತಿಳಿವಳಿಕೆ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಅರಮನೆಗೆ ಅನುಕೂಲ ಬೇಕಾಗಿರಲಿಲ್ಲ. ತಾನೇ ತೋಳೆತ್ತಲಾರದವಳು ದುಡಿಯಬೇಕಾದವಳಲ್ಲ. ಅವಳ ಬದಲಿಗೆ ದುಡಿಯಲು ಬೇರೆಯವರಿದ್ದಾರೆ. ಇದನ್ನು ಬಾಯಿಂದ ಹೇಳದೆ ಪರದೇಶದ ಅತಿಥಿಗೂ ತಿಳಿಯುವಂತೆ ಮಾಡುವುದೇ ಆ ಉಡುಗೆಯ ಕೆಲಸವಾಗಿತ್ತು.

ಇದು ನಮ್ಮ ನಾಡಿಗಷ್ಟೇ ಸೇರಿದ ಮಾತಲ್ಲ. ಇಂಗ್ಲೆಂಡಿನ ಆಸ್ಥಾನದಲ್ಲಿ ಹದಿನೆಂಟನೆಯ ಶತಮಾನದ ಹೆಂಗಸರು ಸೊಂಟದ ಎರಡೂ ಬದಿಗೆ ಬಳೆಗಟ್ಟು ಕಟ್ಟಿಕೊಂಡು, ಅದರ ಮೇಲೆ ಲಂಗ ಹರಡಿ, ಬಾಗಿಲಲ್ಲಿ ಅಡ್ಡಡ್ಡಲಾಗಿ ನುಸುಳಬೇಕಾಗಿತ್ತು. ಹೊರಗಿನ ಸಮಾಜ ಅದನ್ನು ಬಿಟ್ಟ ಮೇಲೂ ಆಸ್ಥಾನ ಬಿಡಲಿಲ್ಲ. 1820ರಲ್ಲಿ ನಾಲ್ಕನೆಯ ಜಾರ್ಜ್ ಪಟ್ಟಕ್ಕೆ ಬಂದ ಮೇಲೆಯೇ ಅದು ಹೋದದ್ದು. ಆಮೇಲೆ ಭುಜದಿಂದ ನೆಲದ ಮೇಲೆ ಗಜಗಟ್ಟಲೆ ಎಳೆದಾಡುವ ಸೆರಗು ಬಂತು. ತಲೆಗೆ ಗರಿ ಸಿಕ್ಕಿಸಿ, ಆ ಸೆರಗನ್ನು ಎಡಗೈಯಲ್ಲಿ ಹೊತ್ತು, ದೊರೆಗೆ ಬೆನ್ನು ತೋರದಂತೆ ಹಿಂದು ಹಿಂದಕ್ಕೆ ನಡೆದು ಬರುವುದನ್ನು ಹುಡುಗಿಯರು ವಾರಗಟ್ಟಲೆ ಅಭ್ಯಾಸ ಮಾಡುತ್ತಿದ್ದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಎಂಥ ಚಳಿಯಲ್ಲೂ ಕೊರಳು, ಭುಜ ಬರಿದಾಗಿರಬೇಕು. ಮುಚ್ಚಿಕೊಳ್ಳಬೇಕಾದರೆ ಅನಾರೋಗ್ಯದ ಕಾರಣ ಹೇಳಿ ಅಪ್ಪಣೆ ಪಡೆಯಬೇಕು. ಕನ್ಯೆಯರನ್ನು ಹೀಗೆ ಆಸ್ಥಾನಕ್ಕೆ ಪರಿಚಯಿಸುವ ಪದ್ಧತಿ 1958ರಲ್ಲಿ ನಿಂತಿತು.

ಭಾರತದಲ್ಲಿ ಆಳಿದ ಬ್ರಿಟಿಷರೂ ಇದೇ ಮಾತನ್ನು ಬಟ್ಟೆಯಲ್ಲಿ ಹೇಳಿದರು. 1903ರ ದೆಹಲಿ ದರ್ಬಾರಿನಲ್ಲಿ ವೈಸರಾಯ್ ಕರ್ಜನ್ನನ ಪತ್ನಿ ಮೇರಿ ಉಟ್ಟ ನವಿಲುಗರಿಯ ಉಡುಪು ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ. ಅದನ್ನು ಹೊಲಿದದ್ದು ಪ್ಯಾರಿಸ್ಸಿನಲ್ಲಿ. ಅದರ ಮೇಲೆ ಬಂಗಾರದ ಎಳೆಗಳಿಂದ ಜರ್ದೋಜಿ ಕಸೂತಿ ಹಾಕಿದವರು ನಮ್ಮ ದೇಶದ ಕುಶಲಕರ್ಮಿಗಳು. ಉಡುಪು ಇಂಗ್ಲೆಂಡಿನ ಕೆಡ್ಲ್‌ಸ್ಟನ್ ಸೌಧದಲ್ಲಿ ಇಂದಿಗೂ ಇದೆ. ಅದನ್ನು ಉಟ್ಟವಳ ಹೆಸರು ಎಲ್ಲರಿಗೂ ಗೊತ್ತು. ಸೂಜಿ ಹಿಡಿದವರ ಹೆಸರು ಕೇಳಿದವರಿಲ್ಲ.

ವಿಜಯನಗರದ ಮಹಾನವಮಿಯನ್ನು ಮೈಸೂರಿನ ಅರಸರು ಮುಂದುವರಿಸಿದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಮೈಸೂರಿನಲ್ಲಿ ದರ್ಬಾರು ಗಂಡಸರದು. ರಾಜಮನೆತನದ ಹೆಂಗಸರು ಮೇಲಿನ ಮೊಗಸಾಲೆಗಳಲ್ಲಿ ಮರೆಯ ಹಿಂದೆ ಕುಳಿತು ನೋಡಬೇಕಾಗಿತ್ತು. ಹೀಗಾಗಿ ನೋಡಲೆಂದೇ ಆದ ಉಡುಗೆಯನ್ನು ಉಟ್ಟವರು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಆದರೆ ಆ ಮನೆತನದಲ್ಲಿ ರಾಜ್ಯಭಾರವನ್ನೇ ಹೊತ್ತ ಹೆಣ್ಣುಮಗಳೊಬ್ಬರಿದ್ದರು. ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಪತಿಯನ್ನು ಕಳೆದುಕೊಂಡ ಬಳಿಕ 1895ರಿಂದ 1902ರವರೆಗೆ ಮಗನ ಪರವಾಗಿ ರಾಜ್ಯವಾಳಿದರು. 1897ರಲ್ಲಿ ಸುಟ್ಟುಹೋದ ಅರಮನೆಯನ್ನು ಮತ್ತೆ ಕಟ್ಟಿಸಲು ತೊಡಗಿದವರು ಅವರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದದ್ದು ಅವರ ಕಾಲದಲ್ಲಿ. ವಿಧವೆಗೆ ರಾಣಿಯ ಆಡಂಬರದ ಉಡುಗೆ ಆ ಕಾಲದ ಪದ್ಧತಿಯಲ್ಲಿ ನಿಷಿದ್ಧ. ಆ ಪದ್ಧತಿ ಕ್ರೂರವಾದದ್ದು, ನಿಜ. ಆದರೂ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದ ರಾಣಿ ಎಲ್ಲರಿಗಿಂತ ಸರಳವಾಗಿ ಉಟ್ಟವರಾಗಿದ್ದರು ಎಂಬುದನ್ನು ಮರೆಯಬಾರದು.

ಈ ಮೈಸೂರಿಗೂ ನಮ್ಮ ಕೊಂಗುನಾಡಿಗೂ ಇದ್ದ ನಂಟು ದೊಡ್ಡದು. 1799ರಲ್ಲಿ ಟಿಪ್ಪು ಮಡಿಯುವವರೆಗೆ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲಿತ್ತು. ಆಮೇಲೆ ಕಂಪನಿಯ ಕೈಸೇರಿದರೂ ಕನ್ನಡದ ಕೊಳ್ಳೇಗಾಲ ತಾಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಉಳಿದಿತ್ತು. ಅಲ್ಲಿನ ದೇವಾಂಗರು ರೇಷ್ಮೆಗೂ ಜರಿ ಅಂಚಿನ ವಸ್ತ್ರಗಳಿಗೂ ಹೆಸರಾದವರು. ಜರಿ ಎಂದರೇನು? ರೇಷ್ಮೆಯ ಎಳೆಗೆ ತಗಡಿನಂತೆ ಬಡಿದ ಬೆಳ್ಳಿಯ ತಂತಿ ಸುತ್ತಿ, ಮೇಲೆ ಬಂಗಾರದ ನೀರು ಕೊಟ್ಟದ್ದು. ಬೆವರು ತಾಗಿದರೆ ಅದು ಕಪ್ಪಿಡುತ್ತದೆ. ಒಂದೇ ಮಡಿಕೆಯಲ್ಲಿ ಬಹುಕಾಲ ಇಟ್ಟರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಕಲ್ಲಿನ ಮೇಲೆ ಒಗೆಯುವ ಮಾತೇ ಇಲ್ಲ. ಉಟ್ಟಾಗ ಉಟ್ಟವಳು ಅದನ್ನು ಕಾಯಬೇಕು, ಬಿಚ್ಚಿಟ್ಟ ಮೇಲೆ ಮನೆಯವರು ಕಾಯಬೇಕು.

ನೇಯುವವರಿಗೂ ಅದು ಹಗುರವಾಗಿರಲಿಲ್ಲ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣದ ಕೋರ್ವೈ ನೇಯ್ಗೆಯಲ್ಲಿ ಲಾಳಿ ಹೊಡೆಯಲು ಒಬ್ಬರು ಸಾಲದು. ಅಂಚಿನ ಲಾಳಿಗೆ ಪಕ್ಕದಲ್ಲಿ ಇನ್ನೊಬ್ಬರು ಬೇಕು. ಬಹಳ ಮನೆಗಳಲ್ಲಿ ಆ ಇನ್ನೊಬ್ಬರು ಶಾಲೆಗೆ ಹೋಗಬೇಕಾದ ಮಗು. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ಗಂಡಸಿಗೆ ಕಂಡಿಕೆ ಸುತ್ತಿಕೊಟ್ಟವಳು, ಹಾಸಿನ ಎಳೆ ಕಡಿದರೆ ಕೂಡಿಸಿದವಳು ಮನೆಯ ಹೆಂಗಸು. ಹಂಪೆಯ ಸಖಿಯ ತೋಳಿಗೆ ಆಸರೆ ಕೊಟ್ಟ ಆ ಹೆಂಗಸಿನ ಸಾಲಿನಲ್ಲಿ ಇವಳನ್ನೂ ನಿಲ್ಲಿಸಬೇಕು. ರಾಣಿಯ ಭಾರದಲ್ಲಿ ಇವಳದೂ ಒಂದು ಪಾಲು.

ವಾಳಯಾರು ದಾಟಿ ಪಾಲಕ್ಕಾಡಿನತ್ತ ಇಳಿದರೆ ಕಥೆಗೆ ಬೇರೆಯದೇ ತಿರುವು ಸಿಗುತ್ತದೆ. ಕೊಚ್ಚಿಯ ರಾಜಮನೆತನಕ್ಕೆ ಬಟ್ಟೆ ನೇಯಲೆಂದು ಮೈಸೂರು ಸೀಮೆಯಿಂದ ಕರೆಸಿಕೊಂಡ ದೇವಾಂಗರು ತಿರುವಿಲ್ವಾಮಲೆಯ ಬಳಿಯ ಕುತ್ತಾಂಪುಳ್ಳಿಯಲ್ಲಿ ನೆಲೆಸಿದರು ಎಂಬುದು ಅಲ್ಲಿಯವರ ನಂಬಿಕೆ. ಚೇಂದಮಂಗಲದಲ್ಲಿ ಪಾಲಿಯಂ ಮನೆತನದ ಆಶ್ರಯದಲ್ಲಿ ನೆಲೆಸಿದ ನೇಕಾರರೂ ದೇವಾಂಗರೇ. ಅದೇ ಕುಲದ ಕೈಗಳು ಇಲ್ಲಿ ನೇಯ್ದದ್ದು ಬಿಳಿ ಹತ್ತಿಯ ಮುಂಡು, ಅಂಚಿಗೆ ಬೆರಳಗಲದ ಕಸವು. ಮಳೆ, ಸೆಖೆಗಳ ಆ ನಾಡಿಗೆ ಒಪ್ಪುವ, ಒಗೆದು ಉಡಬಹುದಾದ ರಾಜೋಡುಗೆ! ಅರಮನೆಯೆಂದರೆ ಭಾರವಾದ ಬಟ್ಟೆಯೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗೆಂದು ಮಲೆಯಾಳ ನಾಡಿನಲ್ಲಿ ಉಡುಗೆ ಹೆಂಗಸರಿಗೆ ಹಗುರವಾಗಿತ್ತೆಂದು ಹೇಳುವಂತಿಲ್ಲ. ಅಲ್ಲಿ ಭಾರವಿದ್ದದ್ದು ಕಟ್ಟಳೆಯಲ್ಲಿ. ಯಾರು ಮೈಮೇಲೆ ಹೊದೆಯಬಹುದು, ಯಾರು ಹೊದೆಯಬಾರದು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ದಕ್ಷಿಣ ತಿರುವಿದಾಂಕೂರಿನ ಚಾನ್ನಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಳ ಕಾಲ ಪೆಟ್ಟು ತಿಂದು ಹೋರಾಡಿದ ಮೇಲೆ, 1859ರ ಜುಲೈಯಲ್ಲಿ ಮಹಾರಾಜರು ಅನುಮತಿಯ ಆಜ್ಞೆ ಹೊರಡಿಸಿದರು. ಅದರಲ್ಲೂ ಮೇಲ್ಜಾತಿಯವರ ರೀತಿಯಲ್ಲಿ ಹೊದೆಯಬಾರದೆಂಬ ನಿಬಂಧನೆ ಇತ್ತು. ಒಂದು ಕಡೆ ಹೆಣ್ಣಿನ ಮೈಮೇಲೆ ಹೇರಿದರು, ಇನ್ನೊಂದು ಕಡೆ ಅವಳ ಮೈಮೇಲಿನದನ್ನು ಕಿತ್ತರು. ಎರಡರಲ್ಲೂ ಅವಳನ್ನು ಕೇಳಿದವರಿಲ್ಲ.

ಅರಮನೆಗಳ ಕಾಲ ಮುಗಿಯಿತು. ಆದರೆ ಅವುಗಳ ಉಡುಗೆ ನಮ್ಮ ಮದುವೆಯ ಚಪ್ಪರಕ್ಕೆ ಬಂದು ಕೂತಿದೆ. ನಮ್ಮ ಹುಡುಗಿಯರಲ್ಲಿ ಎಷ್ಟೋ ಮಂದಿ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುತ್ತಾರೆ. ಯಂತ್ರಕ್ಕೆ ಸಿಕ್ಕದಂತೆ ದುಪಟ್ಟಾವನ್ನು ಪಿನ್ನು ಹಾಕಿ ಬಿಗಿದು, ದಿನವಿಡೀ ಅವರು ಹೊಲಿಯುವುದು ಜಗತ್ತಿನ ಅತ್ಯಂತ ಅನುಕೂಲದ ಬಟ್ಟೆಯನ್ನು. ಅದೇ ಹುಡುಗಿ ತನ್ನ ಮುಹೂರ್ತದ ದಿನ ಕಿಲೋ ದಾಟಿದ ಜರಿಸೀರೆ ಉಟ್ಟು, ಹೊಗೆಯ ಮುಂದೆ ಗಂಟೆಗಟ್ಟಲೆ ಕೂತು, ಏಳುವಾಗ ಅತ್ತಿಗೆಯ ಕೈ ಹಿಡಿಯುತ್ತಾಳೆ. ಆ ಸೀರೆಗೆ ಮಾಡಿದ ಸಾಲವನ್ನು ಅವಳ ಅಪ್ಪ ವರ್ಷಗಟ್ಟಲೆ ತೀರಿಸುತ್ತಾನೆ. ಆಮೇಲೆ ಸೀರೆ ಪೆಟ್ಟಿಗೆ ಸೇರಿ ಮಡಿಕೆಯಲ್ಲಿ ಸೀಳುತ್ತದೆ.

ಹಾಗಾದರೆ ಜರಿಸೀರೆಯನ್ನೇ ಬಿಟ್ಟುಬಿಡೋಣವೇ? ಹಾಗೆ ಸುಲಭವಾಗಿ ಹೇಳಲು ನೇಕಾರರ ಮನೆಯವರಿಗೆ ಬಾಯಿ ಬಾರದು. ಆ ಸೀರೆ ನಿಂತರೆ ಮಗ್ಗ ನಿಲ್ಲುತ್ತದೆ. ಕೊಂಗುನಾಡಿನಲ್ಲಿ ಮಗ್ಗ ನಿಂತ ಮನೆಗಳಲ್ಲಿ ಕನ್ನಡವೂ ಮೆಲ್ಲನೆ ನಿಲ್ಲುತ್ತ ಬಂದದ್ದನ್ನು ನಾವು ಕಂಡಿದ್ದೇವೆ. ಲಿಪಿ ಕಲಿಸುವ ಶಾಲೆಯಿಲ್ಲದ ಮನೆಗಳಲ್ಲಿ ಮಾತು ಉಳಿದದ್ದು ಲಾಳಿಯ ಪಕ್ಕದಲ್ಲಿ, ಚೌಡೇಶ್ವರಿಯ ಹಬ್ಬದಲ್ಲಿ.

ದಾರಿ ಇಲ್ಲದಿಲ್ಲ. ಮೈಸೂರಿನಲ್ಲಿ 1912ರಲ್ಲಿ ಅರಮನೆಯವರೇ ಸ್ವಿಟ್ಜರ್ಲೆಂಡಿನ ಮಗ್ಗಗಳನ್ನು ತರಿಸಿ ರೇಷ್ಮೆ ಕಾರ್ಖಾನೆ ತೆರೆದರು. ಅಲ್ಲಿಂದ ಬಂದ ಕ್ರೇಪ್ ಸೀರೆ ಮೈಗೆ ಮೆತ್ತಗೆ ಒಪ್ಪುವಂಥದ್ದು. ನಮ್ಮ ಸಿರುಮುಗೈಯ ನೇಕಾರರು ನೇಯುವ 'ಸಾಫ್ಟ್ ಸಿಲ್ಕ್' ಸೀರೆಗಳೂ ಕೊಯಮತ್ತೂರಿನ ಕೋರಾ ಕಾಟನ್ ಸೀರೆಗಳೂ ಇದೇ ಜಾಡಿನವು. ಉಟ್ಟವಳು ಯಾರ ಕೈಯನ್ನೂ ಹಿಡಿಯದೆ ಎದ್ದು ನಡೆಯಬಹುದು, ನೇಯ್ದವನಿಗೂ ಅನ್ನವುಂಟು. ದೇವತೆಗಳಿಗೆ ಮೊದಲು ಬಟ್ಟೆ ನೇಯ್ದ ದೇವಲ ಮಹರ್ಷಿ ತಂದದ್ದು ವಿಷ್ಣುವಿನ ನಾಭಿಕಮಲದ ನೂಲು ಎಂದು ನಮ್ಮ ಕುಲಪುರಾಣ ಹೇಳುತ್ತದೆ. ತಾವರೆಯ ದಂಟಿನ ನೂಲಿಗೆ ತೂಕವೆಲ್ಲಿಯದು?

ಬರುವ ಮದುವೆಗೆ ಸೀರೆ ಆರಿಸುವಾಗ ಅಂಗಡಿಯವನನ್ನು ಜರಿಯ ಬೆಲೆ ಕೇಳುವ ಮೊದಲು ಮನೆಯ ಮಗಳನ್ನು ಒಂದು ಮಾತು ಕೇಳೋಣ: "ಇದನ್ನುಟ್ಟು ನಿನಗೆ ನಡೆಯಲಾಗುತ್ತದೆಯೇ, ಅಮ್ಮಾ?"